ಐದು ಮೀಟರಿನ ಆಚೆ: ಪುಟ್ಟ ರೋಬಾಟುಗಳ ಜೋಡಿಗಣ್ಣಿನ ಚರಿತ್ರೆ

2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಪ್ರಜ್ಞಾನ್ ರೋವರಿನ ಎದುರಿಗೆ 4 ಮೀಟರ್ ಅಗಲದ ಕುಳಿಯೊಂದು ಕಂಡಿತು. ಕುಳಿ 3 ಮೀಟರ್ ಮುಂದಿತ್ತು. ಭೂಮಿಯಿಂದ ಆದೇಶ ಹೋಯಿತು, 26 ಕಿಲೋ ತೂಕದ ಗಾಡಿ ಬಂದ ದಾರಿಯಲ್ಲೇ ಹಿಂದೆ ಸರಿದು ಬೇರೆ ದಾರಿ ಹಿಡಿಯಿತು. ಪತ್ರಿಕೆಗಳು ಇದನ್ನು ಸಾಹಸವೆಂದು ಬರೆದವು. ಅದೇ ದಿನಗಳಲ್ಲಿ ಚಂದ್ರಯಾನ-3ರ ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್ ಹೇಳಿದ ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗಲಿಲ್ಲ. ರೋವರಿನ ನ್ಯಾವಿಗೇಷನ್ ಕ್ಯಾಮೆರಾದ ಚಿತ್ರ ಉಪಯೋಗಕ್ಕೆ ಬರುವುದು 5 ಮೀಟರಿನವರೆಗೆ ಮಾತ್ರ, ಹಾಗಾಗಿ ಒಂದು ಆದೇಶಕ್ಕೆ ಅದು ನಡೆಯುವುದೂ ಹೆಚ್ಚೆಂದರೆ 5 ಮೀಟರ್. ಚಿತ್ರ ಇಳಿಸಿ, ನೆಲದ ಏರಿಳಿತದ ನಕ್ಷೆ ಮಾಡಿ, ದಾರಿ ಗೊತ್ತುಮಾಡಿ ಮತ್ತೆ ಆದೇಶ ಕಳಿಸುವಷ್ಟರಲ್ಲಿ ಸುಮಾರು ಐದು ಗಂಟೆ ಕಳೆಯುತ್ತಿತ್ತು.

ಐದು ಗಂಟೆ ಎಂದಾಗ 1979ರ ಸ್ಟ್ಯಾನ್‌ಫರ್ಡ್ ನೆನಪಾಗುತ್ತದೆ. ಹ್ಯಾನ್ಸ್ ಮೊರಾವೆಕ್ ಅವರ ನಾಲ್ಕು ಚಕ್ರದ ಗಾಡಿ, ಕುರ್ಚಿಗಳು ತುಂಬಿದ ಕೋಣೆಯನ್ನು ಮನುಷ್ಯರ ನೆರವಿಲ್ಲದೆ ದಾಟಲು ತೆಗೆದುಕೊಂಡದ್ದೂ ಸುಮಾರು ಐದೇ ಗಂಟೆ. ಆ ಗಾಡಿಗೆ ಇದ್ದದ್ದು ಒಂದೇ ಕ್ಯಾಮೆರಾ. ಅಡ್ಡಪಟ್ಟಿಯ ಮೇಲೆ ಅದನ್ನು ಸರಿಸಿ ಸರಿಸಿ ಒಂಬತ್ತು ಚಿತ್ರ ತೆಗೆಯುವುದು, ಲೆಕ್ಕ ಹಾಕುವುದು, ಒಂದು ಮೀಟರ್ ಮುಂದೆ ಹೋಗಿ ಮತ್ತೆ ನಿಲ್ಲುವುದು. ಎರಡು ಕಣ್ಣಿನ ಕೆಲಸಕ್ಕೆ ಎರಡು ಕಣ್ಣೇ ಬೇಕೆಂದಿಲ್ಲ, ಒಂದೇ ಕಣ್ಣು ಜಾಗ ಬದಲಿಸಿದರೂ ಸಾಕು. ಈ ಚರಿತ್ರೆಯ ತಿರುಳು ಅಲ್ಲಿದೆ ಎಂಬುದು ನನ್ನ ವಾದ.

ಕಥೆ ಆರಂಭವಾಗುವುದು ಇನ್ನೂ ಹಿಂದೆ. ಎಡಗಣ್ಣು ಬಲಗಣ್ಣುಗಳಿಗೆ ಬೇರೆ ಬೇರೆ ಚಿತ್ರ ತೋರಿಸಿದರೆ ಚಪ್ಪಟೆ ಹಾಳೆಯಲ್ಲೂ ಆಳ ಮೂಡುತ್ತದೆಂದು ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ಕನ್ನಡಿಗಳನ್ನಿಟ್ಟು ತೋರಿಸಿದರು. 1960ರಲ್ಲಿ ಬೆಲ್ ಪ್ರಯೋಗಾಲಯದ ಬೇಲಾ ಯುಲೆಸ್ ಬರೀ ಅಡ್ಡಾದಿಡ್ಡಿ ಚುಕ್ಕೆಗಳಿಂದಲೇ ಆಳ ಹುಟ್ಟಿಸಿದರು. ಯಂತ್ರದವರಿಗೆ ಇದು ದೊಡ್ಡ ಸಮಾಧಾನ: ಎದುರಿಗಿರುವುದು ಕುರ್ಚಿಯೋ ಬಂಡೆಯೋ ಎಂದು ತಿಳಿಯುವ ಮೊದಲೇ ಅದು ಎಷ್ಟು ದೂರದಲ್ಲಿದೆಯೆಂದು ತಿಳಿಯಬಹುದು. ಎರಡು ಚಿತ್ರಗಳಲ್ಲಿ ಒಂದೇ ಚುಕ್ಕೆ ಎಷ್ಟು ಪಕ್ಕಕ್ಕೆ ಸರಿದಿದೆ ಎಂಬ ಪಲ್ಲಟವನ್ನು ಅಳೆದರಾಯಿತು.

ಅಳೆಯುವುದೇ ಕಷ್ಟ. ಕಳೆದ ಮಳೆಗಾಲ, ಮಗಳ ಕಾಲೇಜು ಪ್ರಾಜೆಕ್ಟಿಗೆಂದು ಮುಂಬಯಿಯ ದಹಿಸರ್ ಪೂರ್ವದ ನಮ್ಮ ಮನೆಯಲ್ಲಿ ಎರಡು ಅಗ್ಗದ ವೆಬ್‌ಕ್ಯಾಮ್‌ಗಳನ್ನು 6 ಸೆಂಟಿಮೀಟರ್ ಅಂತರದಲ್ಲಿ ಪಟ್ಟಿಗೆ ಬಿಗಿದು ಆಟಿಕೆ ಗಾಡಿಯ ಮೇಲೆ ಕೂರಿಸಿದೆವು. ಕ್ಯಾಮೆರಾಗಳನ್ನು ಹೊಂದಿಸಲು ಚದುರಂಗದ ಮನೆಗಳನ್ನು ಮುದ್ರಿಸಿ ರಟ್ಟಿಗೆ ಅಂಟಿಸಿದ್ದೆವು. ಜುಲೈನ ತೇವಕ್ಕೆ ರಟ್ಟು ಸೊಟ್ಟಗಾಯಿತು, ಅದರ ಜೊತೆಗೆ ನಕ್ಷೆಯಲ್ಲಿ ನಮ್ಮ ಗೋಡೆಯೂ ಸೊಟ್ಟಗಾಯಿತು! ಹಾಳೆಯನ್ನು ಗಾಜಿಗೆ ಅಂಟಿಸಿದ ಮೇಲೆ ಗೋಡೆ ನೆಟ್ಟಗಾಯಿತಾದರೂ, ಬಿಳಿ ಸುಣ್ಣದಲ್ಲಿ ಹಿಡಿಯಲು ಗುರುತೇ ಸಿಗದೆ ಅದರ ಅರ್ಧಭಾಗ ಕಪ್ಪು ತೂತಾಗಿ ಉಳಿಯಿತು. ಇನ್ನು ಕಿಟಕಿಯ ಬಾಕ್ಸ್ ಗ್ರಿಲ್. ಒಂದೇ ದಪ್ಪ, ಒಂದೇ ಅಂತರದ ಸರಳುಗಳು. ಎಡಚಿತ್ರದ ಮೂರನೆಯ ಸರಳಿಗೆ ಬಲಚಿತ್ರದ ಎರಡನೆಯದನ್ನು ಗಂಟುಹಾಕಿದ ಪ್ರೋಗ್ರಾಂ, ಗ್ರಿಲ್ಲನ್ನು ಕೋಣೆಯೊಳಕ್ಕೆ ತಂದು ನಿಲ್ಲಿಸಿತು.

ಗ್ರಿಲ್ ಇಲ್ಲದಿದ್ದರೂ ದೂರ ಕೈಕೊಡುತ್ತದೆ. ಮಸೂರದ ನಾಭಿದೂರ 600 ಪಿಕ್ಸೆಲ್ ಎಂದಿಟ್ಟುಕೊಂಡರೆ, 6 ಸೆಂಟಿಮೀಟರ್ ಅಂತರದ ಜೋಡಿಗೆ 1 ಮೀಟರ್ ದೂರದ ವಸ್ತುವಿನ ಪಲ್ಲಟ 36 ಪಿಕ್ಸೆಲ್. ಒಂದು ಪಿಕ್ಸೆಲ್ ತಪ್ಪಿದರೆ ದೂರದಲ್ಲಿ ಸುಮಾರು 3 ಸೆಂಟಿಮೀಟರ್ ವ್ಯತ್ಯಾಸ. 3 ಮೀಟರಿಗೆ ಅದೇ ತಪ್ಪು 25 ಸೆಂಟಿಮೀಟರ್ ಆಗುತ್ತದೆ, 6 ಮೀಟರಿಗೆ ಇಡೀ ಒಂದು ಮೀಟರ್. ದೂರ ಇಮ್ಮಡಿಯಾದರೆ ತಪ್ಪು ನಾಲ್ಮಡಿ. ಕಣ್ಣುಗಳ ಅಂತರ ಹೆಚ್ಚಿಸಬಹುದು: 2004ರಲ್ಲಿ ಮಂಗಳಕ್ಕಿಳಿದ ಸ್ಪಿರಿಟ್, ಆಪರ್ಚುನಿಟಿ ರೋವರುಗಳಲ್ಲಿ ಹತ್ತಿರದ ಅಡ್ಡಿ ನೋಡುವ ಜೋಡಿಗೆ 10 ಸೆಂಟಿಮೀಟರ್, ದಾರಿ ನೋಡುವ ಜೋಡಿಗೆ 20, ದೂರದ ದೃಶ್ಯಕ್ಕೆ 30 ಸೆಂಟಿಮೀಟರ್ ಅಂತರ ಕೊಟ್ಟಿದ್ದರು. ಅಂಗೈ ಅಗಲದ ಗಾಡಿಗೆ ಆ ಭಾಗ್ಯವಿಲ್ಲ.

ಕ್ಯಾಮೆರಾ ಎರಡಿದ್ದ ಮಾತ್ರಕ್ಕೆ ಆಳ ಸಿಗುವುದೂ ಇಲ್ಲ. ದಹಿಸರ್ ನದಿ ಇಳಿದುಬರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಚಿರತೆ ಎಣಿಕೆಗೆ ಕಾಲುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ಅವು ಪ್ರಾಣಿಯ ಒಂದೊಂದು ಮಗ್ಗುಲಿನ ಮಚ್ಚೆಗಳನ್ನು ಹಿಡಿಯುತ್ತವೆ. ಆಳ ಬೇಕಾದರೆ ಎರಡೂ ಒಂದೇ ಮಗ್ಗುಲನ್ನು ನೋಡಬೇಕು.

ಪುಟ್ಟ ಯಂತ್ರಗಳಿಗೆ ದಾರಿ ತೋರಿದ್ದು ಅಳತೆಯನ್ನು ಕಡಿಮೆ ಮಾಡುವ ಯುಕ್ತಿ. ಎಂಐಟಿಯ ಆಂಡ್ರ್ಯೂ ಬ್ಯಾರಿ ಮತ್ತು ರಸ್ ಟೆಡ್ರೇಕ್ ತಮ್ಮ ಪುಟ್ಟ ವಿಮಾನದಲ್ಲಿ ಎಲ್ಲ ದೂರಗಳನ್ನೂ ಹುಡುಕುವ ಗೋಜಿಗೇ ಹೋಗಲಿಲ್ಲ. 10 ಮೀಟರ್ ದೂರದಲ್ಲಿ ಏನಾದರೂ ಇದೆಯೇ ಎಂಬುದೊಂದೇ ಪ್ರಶ್ನೆ, ಸೆಕೆಂಡಿಗೆ 120 ಬಾರಿ. ವಿಮಾನ ಮುಂದೆ ಹೋಗುತ್ತಿರುವುದರಿಂದ ಆ ಒಂದು ಪದರವೇ ಇಡೀ ಜಾಗವನ್ನು ಗುಡಿಸಿಕೊಂಡು ಹೋಗುತ್ತದೆ. ಅವರ ಪ್ರಬಂಧ ಬಂದದ್ದು 2015ರಲ್ಲಿ.

ಇದಕ್ಕಿಂತ ಜಿಪುಣ ಕಣ್ಣು ಕೀಟದ್ದು. ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಮ್ಯಾಂಟಿಸ್‌ಗೆ ಜೇನುಮೇಣದಿಂದ ಬಣ್ಣದ ಪುಟಾಣಿ ಕನ್ನಡಕ ಅಂಟಿಸಿ ಸಿನಿಮಾ ತೋರಿಸಿದ ನ್ಯೂಕಾಸಲ್ ತಂಡದಲ್ಲಿ ವಿವೇಕ್ ನಿತ್ಯಾನಂದ ಇದ್ದರು. ಅದಕ್ಕೂ ಮೊದಲು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಿಡತೆಗಳ ಕೂಗಿನ ಮೇಲೆ ಕೆಲಸ ಮಾಡಿದವರು. ಮ್ಯಾಂಟಿಸ್ ಎರಡು ಚಿತ್ರಗಳ ವಿವರವನ್ನು ಹೊಂದಿಸುವುದಿಲ್ಲ, ಚಿತ್ರ ಎಲ್ಲಿ ಬದಲಾಗುತ್ತಿದೆಯೋ ಆ ಜಾಗವನ್ನಷ್ಟೇ ಹೊಂದಿಸುತ್ತದೆಂದು 2018ರಲ್ಲಿ ತಂಡ ಪ್ರಕಟಿಸಿತು. ಕಡಿಮೆ ವಿದ್ಯುತ್ತಿನ ರೋಬಾಟಿಗೆ ಹೇಳಿಮಾಡಿಸಿದ ಉಪಾಯ. ಚಂದ್ರನ ಕುಳಿಗೆ ಮಾತ್ರ ಇದು ಒಗ್ಗದು: ಕುಳಿ ಕದಲುವುದಿಲ್ಲ. ಕದಲಬೇಕಾದ್ದು ಪ್ರಜ್ಞಾನ್‌ನಂತೆ ಸೆಕೆಂಡಿಗೆ ಒಂದು ಸೆಂಟಿಮೀಟರ್ ಸಾಗುವ ಗಾಡಿಯೇ.