ಕಟ್ಟುಪಾಡು ಸಡಿಲಿಸುವ ಹೊತ್ತು: ಪ್ಲೇಗಿನಿಂದ ಕೋವಿಡ್‌ವರೆಗೆ

ನಮ್ಮ ಕರಾವಳಿಯ ಯಾಂತ್ರೀಕೃತ ದೋಣಿಗಳು ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ದಡದಲ್ಲೇ ಉಳಿಯುತ್ತವೆ. ಅದು ಮೀನು ಮರಿ ಮಾಡುವ ಕಾಲ. ಮಳೆಗಾಲದ ಕಡಲೂ ಒರಟು. ಭಟ್ಕಳ, ಮುರ್ಡೇಶ್ವರ, ಹೊನ್ನಾವರದ ಕಾಸರಕೋಡು, ಕುಮಟಾ ತಾಲ್ಲೂಕಿನ ತದಡಿ, ಎಲ್ಲಿಯೇ ಆದರೂ ಅವು ಬಲೆ ಸರಿಪಡಿಸುವ, ದೋಣಿ ದುರಸ್ತಿ ಮಾಡುವ ದಿನಗಳು. ಕೈಯಲ್ಲಿ ಕಾಸು ಓಡಾಡುವುದಿಲ್ಲ. ಆದರೂ ಈ ನಿರ್ಬಂಧವನ್ನು ಮೀನುಗಾರ ಸಮಾಜ ಒಟ್ಟಿನಲ್ಲಿ ಒಪ್ಪಿಕೊಂಡಿದೆ. ಯಾಕೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ನನಗೆ ತೋರುವ ಉತ್ತರ ಇಷ್ಟು: ಅದರ ಕಾರಣ ಎಲ್ಲರಿಗೂ ಗೊತ್ತು, ಅದು ಮುಗಿಯುವ ದಿನವೂ ಎಲ್ಲರಿಗೂ ಗೊತ್ತು.

2020ರ ಮಾರ್ಚಿನಲ್ಲಿ ಬಂದ ನಿರ್ಬಂಧಕ್ಕೆ ಮುಗಿಯುವ ದಿನವೇ ಇರಲಿಲ್ಲ. ಕಾಗದದ ಮೇಲೇನೋ ಇತ್ತು. ಮಾರ್ಚ್ 25ರಿಂದ 21 ದಿನ ಎಂದರು. ಅದು ಮೇ 3 ಆಯಿತು, ಮೇ 17 ಆಯಿತು, ಮೇ 31 ಆಯಿತು. ದುಬೈಯಿಂದ ಮರಳಿದವರಲ್ಲಿ ಸೋಂಕು ಕಾಣಿಸಿಕೊಂಡ ಭಟ್ಕಳ, ರಾಜ್ಯದಲ್ಲೇ ಮೊದಲು ಬಿಗಿಯಾಗಿ ಮುಚ್ಚಿದ ಊರುಗಳಲ್ಲಿ ಒಂದು. ಅಲ್ಲಿಯ ರೋಗಿಗಳಿಗೆ ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆ ಚಿಕಿತ್ಸೆ ನೀಡಿದ್ದನ್ನು ನಿಮ್ಮಲ್ಲಿ ಕೆಲವರು ಪತ್ರಿಕೆಗಳಲ್ಲಿ ಓದಿರಬಹುದು. ಮುರ್ಡೇಶ್ವರದ ದೇವಾಲಯ ಮುಚ್ಚಿತು, ಕಡಲ ತೀರ ಬರಿದಾಯಿತು. ಪ್ರವಾಸಿಗರನ್ನೇ ನಂಬಿದ್ದ ಖಾನಾವಳಿ, ವಸತಿಗೃಹ, ಅಂಗಡಿ, ರಿಕ್ಷಾಗಳ ಗಳಿಕೆಯೂ ಅದರೊಂದಿಗೆ ನಿಂತಿತು. ಏಪ್ರಿಲ್ 10ರಂದು ಕೇಂದ್ರ ಸರ್ಕಾರ ಸಮುದ್ರ ಮೀನುಗಾರಿಕೆಗೆ ವಿನಾಯಿತಿ ಕೊಟ್ಟಿತು. ಆ ವರ್ಷ ಪಶ್ಚಿಮ ಕರಾವಳಿಯ ಮಳೆಗಾಲದ ನಿಷೇಧವನ್ನೇ 47 ದಿನಕ್ಕೆ ಇಳಿಸಿ ಜೂನ್ 15ರಿಂದ ಆರಂಭಿಸಲಾಯಿತು. ಒಂದು ನಿರ್ಬಂಧದಿಂದ ಆದ ನಷ್ಟವನ್ನು ಇನ್ನೊಂದು ನಿರ್ಬಂಧವನ್ನು ಸಡಿಲಿಸಿ ತುಂಬಿಕೊಡುವ ಪ್ರಯತ್ನ ಅದು. ಮೀನಿನ ಮರಿಗಳ ಅಭಿಪ್ರಾಯ ಕೇಳಿದವರಿಲ್ಲ ಅನ್ನಿ.

ಮುಚ್ಚುವುದು ಸುಲಭ, ತೆರೆಯುವುದು ಕಷ್ಟ. ಯಾವಾಗ ತೆರೆಯಬೇಕು, ಯಾರು ನಿರ್ಧರಿಸಬೇಕು, ರೋಗ ಪೂರ್ತಿ ಹೋಗುವವರೆಗೆ ಕಾಯಬೇಕೇ ಅಥವಾ ಅದರೊಂದಿಗೆ ಬದುಕಲು ಕಲಿಯಬೇಕೇ? ಈ ಪ್ರಶ್ನೆಗಳು ಕೋವಿಡ್ ಕಾಲದಲ್ಲಿ ಹುಟ್ಟಿದವು ಎಂದು ನೀವು ತಿಳಿದಿದ್ದರೆ, ಅವು ಅದಕ್ಕಿಂತ ಒಂದೂಕಾಲು ಶತಮಾನ ಹಳೆಯವು. 2020ರಲ್ಲಿ ಸರ್ಕಾರಗಳು ಮೊದಲು ಕೈಗೆತ್ತಿಕೊಂಡ ಕಾನೂನುಗಳಲ್ಲಿ ಒಂದು 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮ. ಅದರ ಹುಟ್ಟಿನ ಕಥೆಯನ್ನು ನೋಡೋಣ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಬಡಾವಣೆಯಲ್ಲಿ ಡಾಕ್ಟರ್ ವಿಯೇಗಸ್ ಎಂಬ ವೈದ್ಯರು ಪ್ಲೇಗನ್ನು ಗುರುತಿಸಿದರು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದ ಒಂದು ಜಿಲ್ಲೆ. 1862ರಲ್ಲಿ ಮದರಾಸು ಪ್ರಾಂತ್ಯದಿಂದ ಬೇರ್ಪಡಿಸಿ ಅಲ್ಲಿಗೆ ಸೇರಿಸಲಾಗಿತ್ತು. ಹಾಗಾಗಿ ಮುಂಬಯಿ ಸರ್ಕಾರ ಹೊರಡಿಸಿದ ಪ್ಲೇಗಿನ ನಿಯಮಗಳ ವ್ಯಾಪ್ತಿಯಲ್ಲಿ ನಮ್ಮ ಹೊನ್ನಾವರ, ಕುಮಟಾಗಳೂ ಇದ್ದವು. ಯುರೋಪಿನ ದೇಶಗಳು ಭಾರತದ ಹಡಗುಗಳನ್ನೇ ತಡೆಯುವ ಮಾತಾಡತೊಡಗಿದ್ದವು. ವ್ಯಾಪಾರ ನಿಲ್ಲುವ ಭಯದಿಂದ ಸರ್ಕಾರ ಅವಸರ ಮಾಡಿತು. 1897ರ ಫೆಬ್ರವರಿ 4ರಂದು ಕಾನೂನು ಜಾರಿಗೆ ಬಂತು. ಕೆಲವೇ ಕಲಮುಗಳ ಪುಟ್ಟ ಕಾನೂನು ಅದು. ರೋಗ ಹರಡದಂತೆ ಸರ್ಕಾರಕ್ಕೆ ಅಗತ್ಯ ಕಂಡ ಯಾವ ಕ್ರಮವನ್ನಾದರೂ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ವರ್ತಿಸಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಈ ಅಧಿಕಾರ ಎಂದು ಕೊನೆಯಾಗಬೇಕು ಎಂಬ ಮಾತು ಅದರಲ್ಲಿ ಇಲ್ಲ. ಇದನ್ನು ನೆನಪಿನಲ್ಲಿಡಿ.

ಪುಣೆಯಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥ ವಾಲ್ಟರ್ ರ‍್ಯಾಂಡ್ ಸೈನಿಕರನ್ನು ಕರೆಸಿ ಮನೆಮನೆ ಶೋಧಿಸಿದ. ಅಡುಗೆಮನೆ, ದೇವರ ಕೋಣೆ ಯಾವುದನ್ನೂ ಬಿಡಲಿಲ್ಲ. ರೋಗಿಯನ್ನು ಆಸ್ಪತ್ರೆಗೆ, ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೆ ಸಾಗಿಸಿದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನಿಗೆ ಗುಂಡಿಕ್ಕಿದ್ದು ನಿಮ್ಮ ಪಠ್ಯಪುಸ್ತಕಗಳಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಕಾಣದ ಒಂದು ಮಾತನ್ನು ಇಲ್ಲಿ ಹೇಳಬೇಕು. ಪ್ಲೇಗಿನ ವಿವಾದ ಎಂದರೆ ಒಂದು ಕಡೆ ವಿಜ್ಞಾನ, ಇನ್ನೊಂದು ಕಡೆ ಅಜ್ಞಾನಿ ಜನ ಎಂದು ಚಿತ್ರಿಸುವುದುಂಟು. ಅದು ಸರಿಯಲ್ಲ. ಬಾಲಗಂಗಾಧರ ತಿಲಕರು ಪ್ಲೇಗಿನ ಕ್ರಮಗಳೇ ಬೇಡ ಎನ್ನಲಿಲ್ಲ. ಪುಣೆಯಲ್ಲಿ ಹಿಂದೂ ಪ್ಲೇಗ್ ಆಸ್ಪತ್ರೆ ತೆರೆಯಲು ಮುಂದಾದವರಲ್ಲಿ ಅವರೂ ಇದ್ದರು. ಅವರು ವಿರೋಧಿಸಿದ್ದು ಆ ಕ್ರಮಗಳನ್ನು ನಡೆಸಿದ ರೀತಿಯನ್ನು. ಆ ವರ್ಷದ ಬರಹಗಳಿಗಾಗಿ ಅವರಿಗೆ ರಾಜದ್ರೋಹದ ಆರೋಪದ ಮೇಲೆ 18 ತಿಂಗಳ ಸೆರೆವಾಸವಾಯಿತು. ಸಾವಿತ್ರಿಬಾಯಿ ಫುಲೆ ರೋಗಿಗಳ ಸೇವೆಯಲ್ಲಿದ್ದಾಗಲೇ ಸೋಂಕು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ರೋಗದ ಭೀಕರತೆ ಜನರಿಗೆ ಗೊತ್ತಿರಲಿಲ್ಲ ಎಂದು ಯಾರು ಹೇಳಿಯಾರು?

ಮುಂದಿನ ವರ್ಷ ಪ್ಲೇಗು ರೈಲು ಹತ್ತಿ ಕನ್ನಡ ನಾಡಿನ ಒಳಗೆ ಬಂತು. ಧಾರವಾಡ, ಹುಬ್ಬಳ್ಳಿ, ಗದಗ ತತ್ತರಿಸಿದವು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಬಂತು. ಮೈಸೂರು ಸಂಸ್ಥಾನ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಬೇಗ ತುಂಬಿದ್ದಕ್ಕೆ ಈ ಪ್ಲೇಗೂ ಒಂದು ಕಾರಣ. ಆದರೆ ನಮ್ಮ ವಿಷಯಕ್ಕೆ ಹುಬ್ಬಳ್ಳಿಯ ಕಥೆ ಹೆಚ್ಚು ಮುಖ್ಯ.

ಹುಬ್ಬಳ್ಳಿ ಆಗ ಸುಮಾರು 50 ಸಾವಿರ ಜನರ ಊರು, ರೈಲ್ವೆ ಕಾರ್ಯಾಗಾರ ಇದ್ದ ಊರು. ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಕಟ್ಟಿಕೊಂಡಿರಿ ಎಂಬ ಆಜ್ಞೆ, ಶಿಬಿರವಾಸ, ಪ್ರಯಾಣಕ್ಕೆ ತಡೆ, ಎಲ್ಲವೂ ಇತ್ತು. ಇದರ ನಡುವೆ ಹೊಸದೊಂದು ಉಪಾಯ ಬಂತು. ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡಿದ್ದರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸೈನ್ಯದ ವೈದ್ಯರು ಆ ಲಸಿಕೆಯನ್ನು ಭಾರೀ ಪ್ರಮಾಣದಲ್ಲಿ ಹಾಕಿದರು. ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ತೋಳು ಚಾಚಿದರು. ಅದೇ ಕಾಲದಲ್ಲಿ ಬೇರೆ ಊರುಗಳಲ್ಲಿ ವೈದ್ಯರನ್ನು ಕಂಡರೆ ಕಲ್ಲು ಬೀಳುತ್ತಿತ್ತು; 1898ರ ಮಾರ್ಚಿನಲ್ಲಿ ಮುಂಬಯಿಯಲ್ಲೇ ದೊಂಬಿ ನಡೆದಿತ್ತು. ಹುಬ್ಬಳ್ಳಿಯ ಜನ ಯಾಕೆ ಬಂದರು?

ಸಾವಿನ ಭಯ ಒಂದು ಕಾರಣ, ನಿಜ. ಇನ್ನೊಂದು ಕಾರಣ ಒಂದು ಕಾಗದದ ಚೂರು. ಲಸಿಕೆ ಹಾಕಿಸಿಕೊಂಡವರಿಗೆ ಸರ್ಕಾರ ಪ್ರಮಾಣಪತ್ರ ಕೊಡುತ್ತಿತ್ತು. ಅದು ಇದ್ದವರಿಗೆ ಶಿಬಿರವಾಸದಿಂದ, ಪ್ರಯಾಣದ ತಡೆಯಿಂದ ವಿನಾಯಿತಿ. ನಿರ್ಬಂಧವನ್ನು ಎಲ್ಲರಿಗೂ ಒಮ್ಮೆಗೇ ತೆಗೆಯದೆ, ರಕ್ಷಣೆ ಪಡೆದವರಿಗೆ ಮೊದಲು ತೆಗೆಯುವ ಉಪಾಯ ಇದು. ಇದನ್ನು ಓದುವಾಗ 2021ರ ಡಿಸೆಂಬರ್ ನಿಮಗೆ ನೆನಪಾಗಬೇಕು. ಚಿತ್ರಮಂದಿರಕ್ಕೆ, ಮಾಲ್‌ಗೆ ಹೋಗಬೇಕಾದರೆ ಎರಡೂ ಡೋಸ್ ಲಸಿಕೆ ಆಗಿರಬೇಕು ಎಂದು ಕರ್ನಾಟಕ ಸರ್ಕಾರ ಆಗ ಆದೇಶಿಸಿತ್ತು. ಎರಡು ಕಾಲಕ್ಕೂ ಒಂದೇ ಪ್ರಶ್ನೆ: ಬಲವಂತ ಮಾಡುವುದಿಲ್ಲ ಎನ್ನುತ್ತಲೇ, ಪತ್ರ ಇಲ್ಲದವನಿಗೆ ಬಾಗಿಲು ಮುಚ್ಚಿದರೆ ಅದು ಬಲವಂತವೋ ಅಲ್ಲವೋ? ನನ್ನ ಮಟ್ಟಿಗೆ ಅದು ಬಲವಂತವೇ. ಆದರೆ ಸೈನಿಕನ ಬೂಟುಗಾಲಿಗಿಂತ ಸಾವಿರ ಪಾಲು ಮೇಲು. ನೀವು ಒಪ್ಪಬೇಕೆಂದಿಲ್ಲ.

ಮುಂದೇನಾಯಿತು ಎಂಬುದನ್ನು ಎಚ್ಚರಿಕೆಯಿಂದ ಓದಿ. ದೊಂಬಿಗಳು, ಖರ್ಚು, ಪತ್ರಿಕೆಗಳ ಟೀಕೆ, ಇವೆಲ್ಲ ಸೇರಿ ಸರ್ಕಾರ ಹಿಂದೆ ಸರಿಯಿತು. 1898ರಲ್ಲಿ ನೇಮಕವಾದ ಪ್ಲೇಗ್ ಆಯೋಗದ ವರದಿಯ ಹೊತ್ತಿಗೆ ಬಲಾತ್ಕಾರದ ಶೋಧ, ಬಲಾತ್ಕಾರದ ಶಿಬಿರ ಬಹುಮಟ್ಟಿಗೆ ಬದಿಗೆ ಸರಿದಿದ್ದವು. ಆದರೆ ಪ್ಲೇಗು ಹೋಗಿರಲಿಲ್ಲ. ಅದರ ಅತ್ಯಂತ ಕೆಟ್ಟ ವರ್ಷಗಳು ಬಂದದ್ದೇ ಆಮೇಲೆ. 1907 ಒಂದೇ ವರ್ಷದಲ್ಲಿ ಭಾರತದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಹಾಗಾದರೆ ಸಡಿಲಿಸಿದ್ದು ತಪ್ಪೇ? ಅಷ್ಟು ಸುಲಭವಾಗಿ ಹೇಳಲಾಗದು. ಆ ಬಿಗಿ ಕ್ರಮಗಳು ಹೊಡೆದದ್ದು ತಪ್ಪು ಗುರಿಗೆ. ಮನುಷ್ಯರನ್ನು ಸಾಗಿಸಿದರು, ಗೋಡೆಗಳನ್ನು ಔಷಧಿಯಿಂದ ತೊಳೆದರು. ಇಲಿಗಳು ಪಕ್ಕದ ಮನೆಗೆ ಓಡಿದವು. ಇಲಿಯ ಮೈಮೇಲಿನ ಚಿಗಟ ರೋಗವನ್ನು ಸಾಗಿಸುತ್ತದೆ ಎಂದು ಪಾಲ್ ಲೂಯಿ ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದರೂ, ಎಲ್ಲರೂ ಅದನ್ನು ಒಪ್ಪಲು ಹತ್ತು ವರ್ಷ ಬೇಕಾಯಿತು. ಇತ್ತ ನಮ್ಮ ಹಳ್ಳಿಗರು ತಾವಾಗಿಯೇ ಒಂದು ಪದ್ಧತಿ ಮಾಡಿಕೊಂಡರು. ಇಲಿ ಬಿತ್ತು ಎಂದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕುವುದು, ತಿಂಗಳುಗಳು ಕಳೆದ ಮೇಲೆ ಮರಳುವುದು. ಸರ್ಕಾರ ಹೇರಿದಾಗ ಹಗೆಯಾಗಿದ್ದ ಊರು ಬಿಡುವ ಕ್ರಮ, ಜನರೇ ಕೈಗೆತ್ತಿಕೊಂಡಾಗ ರೂಢಿಯಾಯಿತು. ರೋಗದೊಂದಿಗೆ ಬದುಕುವುದು ಎಂಬ ಮಾತಿಗೆ ಇದಕ್ಕಿಂತ ಹಳೆಯ ಉದಾಹರಣೆ ನಮ್ಮಲ್ಲಿ ಇದ್ದರೂ, ಇಷ್ಟು ಸ್ಪಷ್ಟವಾದದ್ದು ಸಿಗಲಾರದು.

ಘಟ್ಟದ ಬುಡದಲ್ಲಿರುವ ನಮಗೆ ಇನ್ನೊಂದು ಉದಾಹರಣೆ ಮನೆಯಂಗಳದಲ್ಲೇ ಇದೆ: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಾಣು ಮುಂದೆ ಹೊನ್ನಾವರ, ಸಿದ್ದಾಪುರ ಭಾಗಕ್ಕೂ ಹರಡಿತು. ಕಾಡಿನ ಉಣುಗು ಕಚ್ಚಿ ಬರುವ ಜ್ವರ; ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಕಾಡಿಗೆ ಹೋಗಬೇಡಿ ಎಂಬುದು ಆರೋಗ್ಯ ಇಲಾಖೆಯ ಸಲಹೆ. ಆದರೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು, ತರಗೆಲೆ ಬರಬೇಕಾದದ್ದೂ, ಒಲೆಗೆ ಸೌದೆ ಬರಬೇಕಾದದ್ದೂ ಅದೇ ತಿಂಗಳುಗಳಲ್ಲಿ. ಕಾಡಿಗೆ ಹೋಗದ ರೈತ ಇಲ್ಲಿ ರೈತನೇ ಅಲ್ಲ. ಹಾಗಾಗಿ ನಿಷೇಧದ ಜಾಗಕ್ಕೆ ಮೈಗೆ ಹಚ್ಚುವ ತೈಲ ಬಂತು, ಲಸಿಕೆ ಬಂತು, ಸತ್ತ ಮಂಗ ಕಂಡರೆ ತಿಳಿಸಿ ಎಂಬ ಸೂಚನೆ ಬಂತು. 1990ರಿಂದ ಕೊಡುತ್ತಿದ್ದ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲ ಎಂದು 2022ರಲ್ಲಿ ನಿಲ್ಲಿಸಲಾಯಿತು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಕಾಯಿಲೆ ಮತ್ತೆ ತಲೆಯೆತ್ತಿತು. ವೈರಾಣುವಿನೊಂದಿಗೆ ಬದುಕಿ ಎಂದು ಉಪದೇಶಿಸುವುದು ಸುಲಭ. ಬದುಕುವವರ ಕೈಗೆ ಏನು ಕೊಟ್ಟಿದ್ದೇವೆ ಎಂದು ಕೇಳಿದಾಗ ಮಾತು ತೊಡರುತ್ತದೆ.

ಈಗ ನಿಮ್ಮದೇ ವಿಷಯಕ್ಕೆ ಬರೋಣ. 2020ರ ಜೂನಿನಲ್ಲಿ ಕರ್ನಾಟಕದಲ್ಲಿ ನಡೆದ ದೊಡ್ಡ ಚರ್ಚೆ ಎಸ್ಸೆಸ್ಸೆಲ್ಸಿ ಪರೀಕ್ಷೆಯದ್ದು. ತಮಿಳುನಾಡು, ತೆಲಂಗಾಣ ಹತ್ತನೆಯ ತರಗತಿಯ ಪರೀಕ್ಷೆ ರದ್ದು ಮಾಡಿದವು. ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ನಡೆಸಿಯೇ ತೀರುವುದೆಂದರು. ಜೂನ್ 25ರಿಂದ ಸುಮಾರು ಎಂಟು ಲಕ್ಷ ಮಕ್ಕಳು ಮುಖಕ್ಕೆ ಮಾಸ್ಕ್ ಧರಿಸಿ, ದೂರ ದೂರ ಕುಳಿತು ಬರೆದರು. ಮಕ್ಕಳ ಜೀವದೊಂದಿಗೆ ಚೆಲ್ಲಾಟ ಎಂದವರೂ ಇದ್ದರು, ಪರೀಕ್ಷೆ ಇಲ್ಲದೆ ತೇರ್ಗಡೆಯಾದರೆ ಮುಂದೆ ಬೆಲೆ ಇರುವುದಿಲ್ಲ ಎಂದವರೂ ಇದ್ದರು. ಪರೀಕ್ಷೆಯೇನೋ ನಡೆಯಿತು. ಆದರೆ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷ! ಬಾರು, ಮದುವೆ ಮಂಟಪ, ಚುನಾವಣೆ ಎಲ್ಲಕ್ಕೂ ಅದಕ್ಕಿಂತ ಮೊದಲೇ ದಾರಿ ಸಿಕ್ಕಿತ್ತು. ಯಾರ ಸಂಘಕ್ಕೆ ದನಿ ಇತ್ತೋ ಅವರ ಬಾಗಿಲು ಬೇಗ ತೆರೆಯಿತು. ಒಂದನೆಯ ತರಗತಿಯ ಮಕ್ಕಳಿಗೆ ಸಂಘ ಎಲ್ಲಿದೆ? ಮೊಬೈಲ್ ಸಿಗ್ನಲ್‌ಗಾಗಿ ಗುಡ್ಡ ಹತ್ತಬೇಕಾದ ಘಟ್ಟದ ಮನೆಗಳ ಮಕ್ಕಳು ಕಳೆದುಕೊಂಡದ್ದಕ್ಕೆ ಲೆಕ್ಕ ಇಟ್ಟವರು ಕಡಿಮೆ.

ಹಾಗೆಂದು ತೆರೆದದ್ದೆಲ್ಲ ಸರಿ ಎನ್ನಲಾಗದು. 2021ರ ಆರಂಭದಲ್ಲಿ ಕೊರೋನಾ ಹೋಯಿತೆಂದೇ ದೇಶ ನಂಬಿತ್ತು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಡಿಯಿತು. ಏಪ್ರಿಲ್ 27ರಿಂದ ರಾಜ್ಯ ಮತ್ತೆ ಮುಚ್ಚಿತು. ಮೇ 2ರಿಂದ 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯ ಪ್ರಶ್ನೆ ಇಡೀ ನಾಡನ್ನು ಕಲಕಿತು. ತೆರೆದಿದ್ದ ತಿಂಗಳುಗಳಲ್ಲಿ ಹಾಸಿಗೆ, ಆಮ್ಲಜನಕಗಳನ್ನು ಸಿದ್ಧಪಡಿಸಿಕೊಳ್ಳದಿದ್ದರೆ ತೆರೆಯುವುದಕ್ಕೂ ಕಣ್ಣು ಮುಚ್ಚಿಕೊಳ್ಳುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

2022ರ ಜನವರಿಯ ಚರ್ಚೆ ಈ ಪೆಟ್ಟು ತಿಂದ ಮೇಲಿನದು. ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಪ್ರಕಟವಾದದ್ದು ಬೆಂಗಳೂರಿನಿಂದಲೇ. ಜನವರಿ 7ರಿಂದ ವಾರಾಂತ್ಯದ ಕರ್ಫ್ಯೂ ಬಂತು. ಹೋಟೆಲಿನವರು, ವರ್ತಕರು ಪ್ರತಿಭಟಿಸಿದರು. ಶನಿವಾರ, ಭಾನುವಾರದ ಜನರನ್ನೇ ನೆಚ್ಚಿಕೊಂಡ ಮುರ್ಡೇಶ್ವರದಂಥ ಊರಿಗೆ ವಾರಾಂತ್ಯ ಮುಚ್ಚುವುದೆಂದರೆ ವಾರವನ್ನೇ ಮುಚ್ಚಿದಂತೆ. ಆಳುವ ಪಕ್ಷದೊಳಗೂ ವಿರೋಧ ಎದ್ದಿತು. ವಿರೋಧ ಪಕ್ಷ ಜನವರಿ 9ರಂದು ಮೇಕೆದಾಟು ಪಾದಯಾತ್ರೆ ಹೊರಟು, ಉಚ್ಚ ನ್ಯಾಯಾಲಯ ಪ್ರಶ್ನಿಸಿದ ಮೇಲೆ 13ರಂದು ನಿಲ್ಲಿಸಿತು. ಜನವರಿ 21ರಂದು ಬಸವರಾಜ ಬೊಮ್ಮಾಯಿಯವರ ಸರ್ಕಾರ ವಾರಾಂತ್ಯದ ಕರ್ಫ್ಯೂ ತೆಗೆಯಿತು, 31ರಿಂದ ರಾತ್ರಿ ಕರ್ಫ್ಯೂವನ್ನೂ ತೆಗೆಯಿತು. ವಾರಾಂತ್ಯದ ಕರ್ಫ್ಯೂ ತೆಗೆದಾಗ ಸೋಂಕಿತರ ಸಂಖ್ಯೆ ಇಳಿದಿರಲಿಲ್ಲ, ಏರುತ್ತಿತ್ತು! ಬದಲಾದದ್ದು ಅಳತೆಗೋಲು. ಎಷ್ಟು ಜನರಿಗೆ ಸೋಂಕು ಎಂಬುದರ ಬದಲು ಎಷ್ಟು ಜನ ಆಸ್ಪತ್ರೆಗೆ ಸೇರುತ್ತಿದ್ದಾರೆ ಎಂದು ನೋಡತೊಡಗಿದರು. ಅದಕ್ಕೆ ಧೈರ್ಯ ಕೊಟ್ಟದ್ದು ಆ ಹೊತ್ತಿಗಾಗಲೇ ಬಹುಪಾಲು ವಯಸ್ಕರಿಗೆ ಸಿಕ್ಕಿದ್ದ ಲಸಿಕೆ. 1900ರ ಸರ್ಕಾರ ಸಡಿಲಿಸಿದ್ದು ಸೋತು. 2022ರಲ್ಲಿ ಸಡಿಲಿಸುವಾಗ ಕೈಯಲ್ಲಿ ಒಂದು ಲೆಕ್ಕವಾದರೂ ಇತ್ತು.

ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕೇಂದ್ರದ ನಿರ್ಬಂಧಗಳು 2022ರ ಮಾರ್ಚ್ 31ಕ್ಕೆ ಕೊನೆಗೊಂಡವು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು; ವೈರಾಣು ಹೋಗಿಲ್ಲ ಎಂದೂ ಜೊತೆಗೇ ಹೇಳಿತು.

ನಿಮ್ಮ ಮನೆಯ ಕಪಾಟಿನಲ್ಲಿ 2020ರ ಓಡಾಟದ ಪಾಸು, ಲಸಿಕೆಯ ಪ್ರಮಾಣಪತ್ರ, ಮುಂದೂಡಿದ ಪರೀಕ್ಷೆಯ ಪ್ರವೇಶಪತ್ರ ಇದ್ದರೆ ಎಸೆಯಬೇಡಿ. ಒಂದು ಲಕೋಟೆಗೆ ಹಾಕಿ, ಮೇಲೆ ದಿನಾಂಕ ಬರೆದಿಡಿ. ಹುಬ್ಬಳ್ಳಿಯಲ್ಲಿ 1898ರಲ್ಲಿ ಪ್ರಮಾಣಪತ್ರ ಪಡೆದವರು ತಮ್ಮ ಅನುಭವವನ್ನೂ ನಾಲ್ಕು ಸಾಲು ಬರೆದಿಟ್ಟಿದ್ದರೆ, ಈ ಲೇಖನದಲ್ಲಿ ಸರ್ಕಾರದ ಮಾತಿಗಿಂತ ಅವರ ಮಾತು ಹೆಚ್ಚು ಇರುತ್ತಿತ್ತು.