ನಡುವಣ ಸಂಪುಟದ ಕಥೆ

ಮೊದಲನೆಯ ವರ್ಷ ಇಡೀ ತರಗತಿಗೇ ಮೊದಲಿಗನಾಗಿ ತೇರ್ಗಡೆಯಾದ ಹುಡುಗ ಎರಡನೆಯ ವರ್ಷ ತೊಡರಿ ನಿಲ್ಲುವುದನ್ನು ನನ್ನಂಥ ಮೇಷ್ಟರುಗಳು ಬೇಕಾದಷ್ಟು ಸಲ ಕಂಡಿದ್ದೇವೆ. ಪುಸ್ತಕ ಪ್ರಪಂಚದಲ್ಲಿಯೂ ಅಂಥ ಪ್ರಸಂಗಗಳುಂಟು. ನಿಮ್ಮಲ್ಲಿ ಕೆಲವರು, ಅಥವಾ ನಿಮ್ಮ ಮಕ್ಕಳು, ಓದಿರಬಹುದಾದ ಒಂದು ಪುಸ್ತಕದ ಇತಿಹಾಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಅಮೆರಿಕದ ಕ್ರಿಸ್ಟೋಫರ್ ಪಾವೊಲಿನಿಯ ‘ಎಲ್ಡೆಸ್ಟ್’. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಜ್ಯೇಷ್ಠ’. ಮೂರು ಸಂಪುಟಗಳಲ್ಲಿ ಮುಗಿಯಬೇಕಾಗಿದ್ದ ಅದ್ಭುತಕಥೆಯೊಂದರ ಈ ಎರಡನೆಯ ಭಾಗ 2005ರ ಆಗಸ್ಟ್ 23ರಂದು ಪ್ರಕಟವಾಯಿತು. ಮೊದಲನೆಯದನ್ನು ಒಂದೇ ಉಸಿರಿಗೆ ಓದಿದ್ದ ಎಷ್ಟೋ ಮಕ್ಕಳು ಇದನ್ನು ಕಷ್ಟಪಟ್ಟು ಮುಗಿಸಿದರು. ಕೆಲವರು ಮುಗಿಸಲೇ ಇಲ್ಲ.

ಪಾವೊಲಿನಿ 1983ರಲ್ಲಿ ಹುಟ್ಟಿದವನು, ಮೊಂಟಾನಾ ಪ್ರಾಂತದ ಪ್ಯಾರಡೈಸ್ ವ್ಯಾಲಿ ಎಂಬ ಕಣಿವೆಯಲ್ಲಿ ಬೆಳೆದವನು. ಶಾಲೆಗೆ ಹೋಗದೆ ಮನೆಯಲ್ಲಿಯೇ ಕಲಿತು, ಹದಿನೈದನೆಯ ವಯಸ್ಸಿಗೇ ಪ್ರೌಢಶಿಕ್ಷಣವನ್ನು ಮುಗಿಸಿದ. ಆ ವಯಸ್ಸಿನಲ್ಲಿಯೇ ಮೂರೂ ಭಾಗಗಳ ಕಥಾಹಂದರವನ್ನು ಯೋಜಿಸಿಕೊಂಡು ‘ಎರಗಾನ್’ ಎಂಬ ಮೊದಲನೆಯ ಭಾಗವನ್ನು ಬರೆಯತೊಡಗಿದ. ತಂದೆ ತಾಯಿಯರು ತಮ್ಮ ಸಣ್ಣ ಪ್ರಕಾಶನದಿಂದ ಅದನ್ನು ಅಚ್ಚು ಹಾಕಿಸಿದರು. ಹುಡುಗ ಮಧ್ಯಯುಗದ ವೇಷ ತೊಟ್ಟು ಶಾಲೆ, ಗ್ರಂಥಾಲಯ, ಪುಸ್ತಕದಂಗಡಿಗಳನ್ನು ಸುತ್ತಿ ನೂರಕ್ಕೂ ಹೆಚ್ಚು ಭಾಷಣಗಳನ್ನು ಮಾಡಿದ. 2002ರಲ್ಲಿ ಕಾದಂಬರಿಕಾರ ಕಾರ್ಲ್ ಹಯಾಸೆನ್ ಅವರ ಮಲಮಗ ಅದನ್ನು ಓದಿ ಮೆಚ್ಚಿಕೊಂಡದ್ದರಿಂದ ಸುದ್ದಿ ಕ್ನಾಫ್ ಪ್ರಕಾಶನದವರಿಗೆ ಮುಟ್ಟಿತು. 2003ರಲ್ಲಿ ಅವರು ಅದನ್ನು ಮತ್ತೆ ಹೊರತಂದಾಗ ಲೇಖಕನಿಗೆ ಹತ್ತೊಂಬತ್ತು ವರ್ಷ. ಪುಸ್ತಕ ದೇಶದ ಮಾರಾಟದ ಪಟ್ಟಿಯ ತುದಿಗೇರಿತು.

ಇನ್ನು ‘ಎಲ್ಡೆಸ್ಟ್’. ಡ್ರ್ಯಾಗನ್ ಸವಾರನಾದ ಎರಗಾನ್, ಬೆನ್ನಿನಲ್ಲಿ ಮಾಗದ ಗಾಯವನ್ನು ಹೊತ್ತು, ಎಲ್ಫ್ ಜನರ ಕಾಡಿಗೆ ವಿದ್ಯೆ ಕಲಿಯಲು ಹೋಗುತ್ತಾನೆ. ಅಲ್ಲಿ ಓರೊಮಿಸ್ ಎಂಬ ವೃದ್ಧ ಗುರು, ಅವನಿಗೊಂದು ಹೊನ್ನಿನ ಬಣ್ಣದ ಡ್ರ್ಯಾಗನ್. ಪ್ರಾಚೀನ ಭಾಷೆ, ತರ್ಕ, ಕತ್ತಿವರಸೆ, ಇರುವೆಗಳ ಸದ್ದಿಗೂ ಮನಸ್ಸು ಕೊಡುವ ಧ್ಯಾನ, ಮಾಂಸ ತಿನ್ನಬಹುದೆ, ದೇವರುಗಳುಂಟೆ ಎಂಬ ಚರ್ಚೆ, ಹೀಗೆ ಅಧ್ಯಾಯದ ಮೇಲೆ ಅಧ್ಯಾಯ ಪಾಠವೇ. ವೃತ್ತಿಯ ಕಾರಣದಿಂದ ನನಗೆ ಪಾಠದ ಅಧ್ಯಾಯಗಳ ಮೇಲೆ ಪಕ್ಷಪಾತವುಂಟು! ಆದರೂ ಆರುನೂರೈವತ್ತು ಪುಟಗಳನ್ನು ಮೀರಿದ ಪುಸ್ತಕದಲ್ಲಿ ಯುದ್ಧ ಸಮೀಪಿಸುತ್ತಿರುವಾಗ ಇಷ್ಟು ಪಾಠ ಹೆಚ್ಚಾಯಿತು. ಅದಕ್ಕಿಂತ ದೊಡ್ಡ ಕುಂದು ಬೇರೆಯಿದೆ. ತಿಂಗಳುಗಟ್ಟಲೆ ನೋವುಂಡು ಕಲಿತ ಶಿಷ್ಯನ ಬೆನ್ನು ಒಂದು ಹಬ್ಬದ ರಾತ್ರಿ ಮಾಯೆಯಿಂದ ವಾಸಿಯಾಗಿಬಿಡುತ್ತದೆ; ಅಷ್ಟೇ ಅಲ್ಲದೆ ಎಲ್ಫ್ ಜನರ ಬಲ, ವೇಗಗಳೂ ಅವನಿಗೆ ಬಂದುಬಿಡುತ್ತವೆ. ಅಲ್ಲಿಯವರೆಗೆ ಅವನು ಪಟ್ಟ ಪಾಡಿಗೆ ಬೆಲೆಯೇನು? ಬಾಲಕರು ಇಂಥ ಮೋಸವನ್ನು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ.

ಅದೇ ಪುಸ್ತಕದಲ್ಲಿ ಇನ್ನೊಂದು ಎಳೆಯಿದೆ. ಎರಗಾನನ ದಾಯಾದಿ ಅಣ್ಣ ರೋರನ್, ಮಾಯೆ ಮಂತ್ರ ಅರಿಯದವನು, ಕೈಯಲ್ಲಿ ಸುತ್ತಿಗೆ ಹಿಡಿದು, ತನ್ನ ಹಳ್ಳಿಯ ಜನರನ್ನೆಲ್ಲ ಬೆಟ್ಟ ದಾಟಿಸಿ, ಹಡಗೊಂದನ್ನು ಕದ್ದು ದಕ್ಷಿಣಕ್ಕೆ ಕರೆದೊಯ್ಯುತ್ತಾನೆ. ಹೊಲಮನೆಗಳನ್ನು ಬಿಟ್ಟುಹೊರಡಲು ಹಳ್ಳಿಗರು ಹಿಂಜರಿಯುವ ಪುಟಗಳನ್ನು ಬರೆದವನು ಇಪ್ಪತ್ತೊಂದು ವರ್ಷದವನೆಂದರೆ ನಂಬುವುದು ಕಷ್ಟ. ಪುಸ್ತಕವನ್ನು ಉಳಿಸಿದ್ದು ಈ ಸುತ್ತಿಗೆಯವನೇ ಎಂಬುದು ನನ್ನ ಅಭಿಪ್ರಾಯ.

ವಿಮರ್ಶಕರು ಹೊರಿಸಿದ ಮುಖ್ಯ ಆರೋಪ ಅನುಕರಣೆಯದು. 1977ರ ‘ಸ್ಟಾರ್ ವಾರ್ಸ್’ ಚಲನಚಿತ್ರದಲ್ಲಿಯೂ ಹೊಲಗಾವಲಿನ ಹುಡುಗ, ಮಡಿಯುವ ವೃದ್ಧ ಮಾರ್ಗದರ್ಶಿ, ಸೆರೆಯಾದ ರಾಜಕುಮಾರಿ ಇದ್ದರು. 1980ರ ಎರಡನೆಯ ಚಿತ್ರದಲ್ಲಿ ನಾಯಕ ದೂರದಲ್ಲಿ ಅಡಗಿರುವ ಗುರುವನ್ನರಸಿ ಹೋಗುತ್ತಾನೆ, ಕೊನೆಗೆ ಎದುರಾಳಿಯ ಬಾಯಿಂದಲೇ ತನ್ನ ತಂದೆ ಯಾರೆಂದು ತಿಳಿಯುತ್ತಾನೆ. ‘ಎಲ್ಡೆಸ್ಟ್’ನ ಕೊನೆಯ ಯುದ್ಧದಲ್ಲಿ ಕೆಂಪು ಡ್ರ್ಯಾಗನ್ ಏರಿ ಬರುವ ಹಳೆಯ ಗೆಳೆಯ ಮುರ್ಟಾಗ್, ನಾವಿಬ್ಬರೂ ದ್ರೋಹಿ ಮೋರ್ಝನ್‌ನ ಮಕ್ಕಳು ಎಂದು ಘೋಷಿಸುತ್ತಾನೆ. ಸಾಮ್ಯ ಇಲ್ಲವೆನ್ನಲಾಗದು. ವಿಚಿತ್ರವೆಂದರೆ ಆ ಚಿತ್ರಮಾಲೆಯಲ್ಲಿ ಬಹುಮಂದಿ ಅತ್ಯುತ್ತಮವೆನ್ನುವುದು ಎರಡನೆಯ ಭಾಗವನ್ನೇ. ಎರಡು ಗಂಟೆಯ ಚಿತ್ರದಲ್ಲಿ ಗುರುಕುಲವಾಸ ಕೆಲವೇ ನಿಮಿಷಗಳದು. ಪುಸ್ತಕದಲ್ಲಿ ಅದನ್ನು ಓದುಗನೂ ಶಿಷ್ಯನೊಂದಿಗೆ ಕುಳಿತು ಅನುಭವಿಸಬೇಕು.

ಎಲ್ಲವನ್ನೂ ಹುಡುಗನ ತಲೆಗೆ ಕಟ್ಟುವ ಮುನ್ನ ಈ ಮೂರು ಸಂಪುಟಗಳ ಪದ್ಧತಿ ಎಲ್ಲಿಂದ ಬಂದಿತೆಂದು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಾದಂಬರಿಯೆಂದರೆ ಸಾಮಾನ್ಯವಾಗಿ ಮೂರು ಸಂಪುಟ, ಬೆಲೆ ಒಂದೂವರೆ ಗಿನ್ನಿ. ಅಷ್ಟು ಹಣ ಕೊಟ್ಟು ಕೊಳ್ಳುವವರು ಕಡಮೆ. 1842ರಲ್ಲಿ ಆರಂಭವಾದ ಮೂಡಿಯವರ ಬಾಡಿಗೆ ಗ್ರಂಥಾಲಯದಲ್ಲಿ ವರ್ಷಕ್ಕೆ ಒಂದು ಗಿನ್ನಿ ಚಂದಾ ಕೊಟ್ಟವರಿಗೆ ಒಂದು ಸಲಕ್ಕೆ ಒಂದು ಸಂಪುಟ ದೊರೆಯುತ್ತಿತ್ತು. ಒಂದೇ ಕಾದಂಬರಿಯನ್ನು ಮೂವರಿಗೆ ಏಕಕಾಲಕ್ಕೆ ಕೊಡಬಹುದಾದ ಈ ಏರ್ಪಾಡು ಗ್ರಂಥಾಲಯಕ್ಕೆ ಲಾಭ. ಕಥೆ ಎಳೆಯಲಾಗದ ಲೇಖಕನಿಗೆ ಹಿಂಸೆ. ಜಾರ್ಜ್ ಗಿಸ್ಸಿಂಗ್ 1891ರ ‘ನ್ಯೂ ಗ್ರಬ್ ಸ್ಟ್ರೀಟ್’ನಲ್ಲಿ ಆ ಹಿಂಸೆಯನ್ನೇ ಕಾದಂಬರಿಯಾಗಿ ಬರೆದ. 1894ರಲ್ಲಿ ಗ್ರಂಥಾಲಯಗಳೇ ಇಷ್ಟು ಬೆಲೆ ಕೊಡೆವೆಂದಾಗ ಪದ್ಧತಿ ಕೆಲವೇ ವರ್ಷಗಳಲ್ಲಿ ಅಳಿಯಿತು. ಟೋಲ್ಕಿನ್ ಒಂದೇ ಕೃತಿಯಾಗಿ ಬರೆದ ‘ಲಾರ್ಡ್ ಆಫ್ ದ ರಿಂಗ್ಸ್’ ಅನ್ನು ಯುದ್ಧಾನಂತರದ ಕಾಗದದ ದುಬಾರಿಯಿಂದಾಗಿ ಪ್ರಕಾಶಕರು 1954-55ರಲ್ಲಿ ಮೂರಾಗಿ ಒಡೆದರು. ಎರಡನೆಯದು ಮುಗಿಯುವಾಗ ನಾಯಕ ಶತ್ರುವಿನ ಸೆರೆಯಲ್ಲಿ. ಓದುಗರು ಹನ್ನೊಂದು ತಿಂಗಳು ಕಾಯಬೇಕಾಯಿತು! ಅದರ ಜನಪ್ರಿಯತೆಯಿಂದ ಅದ್ಭುತಕಥೆಯೆಂದರೆ ಮೂರು ಸಂಪುಟವೆಂಬ ರೂಢಿ ಬೆಳೆಯಿತು. ಮೊಂಟಾನಾದ ಬಾಲಕ ಹದಿನೈದರಲ್ಲಿ ಆಯ್ದುಕೊಂಡದ್ದು ಆ ಅಚ್ಚನ್ನು.

ಮೊದಲ ಪುಸ್ತಕ ಬರೆಯುವಾಗ ಅವನನ್ನು ಕಾಯುತ್ತಿದ್ದವರು ಮನೆಯವರು ಮಾತ್ರ. ಎರಡನೆಯದರ ಹೊತ್ತಿಗೆ ಲಕ್ಷಾಂತರ ಓದುಗರಿದ್ದರು. ಮೊದಲ ವಾರದಲ್ಲಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಹದಿನೈದರ ಬಾಲಕ ಹಾಕಿಕೊಟ್ಟ ನಕ್ಷೆಯ ಮೇಲೆ ಇಪ್ಪತ್ತೊಂದರ ಯುವಕ ಮನೆ ಕಟ್ಟಬೇಕಾಗಿತ್ತು. ಬೆಳೆದ ಮನಸ್ಸು ದೇವರು, ಅಹಿಂಸೆ, ತರ್ಕ ಎಂದು ಬೇರೆ ಪ್ರಶ್ನೆಗಳನ್ನು ಎತ್ತಿತು. ನಕ್ಷೆಯಲ್ಲಿ ಅವಕ್ಕೆ ಕೋಣೆಯಿರಲಿಲ್ಲ. ಆ ಪುಸ್ತಕದ ಜಡತೆಗೂ ಊದಿಕೊಂಡ ಗಾತ್ರಕ್ಕೂ ಕಾರಣವನ್ನು ನಾನು ಇಲ್ಲಿಯೇ ಕಾಣುತ್ತೇನೆ. ಅವನನ್ನು ಬಾಲಪ್ರತಿಭೆಯೆಂದು ಹೊಗಳಿದವರೂ ಅನುಕರಣಕಾರನೆಂದು ಜರಿದವರೂ ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

2007ರ ಅಕ್ಟೋಬರಿನಲ್ಲಿ ಕಥೆ ಮೂರರಲ್ಲಿ ಮುಗಿಯದೆಂದು ಪಾವೊಲಿನಿ ಪ್ರಕಟಿಸಿದ. ‘ಬ್ರಿಸಿಂಗರ್’ 2008ರಲ್ಲಿ, ‘ಇನ್‌ಹೆರಿಟನ್ಸ್’ 2011ರಲ್ಲಿ ಬಂದವು. ಮುರ್ಟಾಗನ ಆ ಘೋಷಣೆ ಅರ್ಧಸತ್ಯವೆಂದು ಮೂರನೆಯ ಪುಸ್ತಕ ತಿಳಿಸಿತು: ತಾಯಿ ಒಬ್ಬಳೇ, ಆದರೆ ಎರಗಾನನ ತಂದೆ ಅವನ ಮೊದಲ ಗುರು ಬ್ರೋಮ್. 2023ರ ನವೆಂಬರಿನಲ್ಲಿ, ನಲವತ್ತರ ಹೊಸ್ತಿಲಿನಲ್ಲಿದ್ದ ಲೇಖಕ ಮತ್ತೆ ಆ ಲೋಕಕ್ಕೆ ಮರಳಿ ದೊಡ್ಡ ಕಾದಂಬರಿಯೊಂದನ್ನು ಹೊರತಂದ. ಅದರ ಹೆಸರು ‘ಮುರ್ಟಾಗ್’. ನಾಯಕ ಆ ಕೆಂಪು ಡ್ರ್ಯಾಗನ್‌ನ ಸವಾರನೇ.