ಲಾಂಛನದಿಂದ ವ್ಯಾಪಾರಮುದ್ರೆಯವರೆಗೆ

ತನ್ನದೆನಿಸಿದ ವಸ್ತುವಿಗೆ ಗುರುತನ್ನಿಡುವ ಪದ್ಧತಿಯು ಮನುಷ್ಯನಲ್ಲಿ ಬಹು ಪ್ರಾಚೀನವಾದುದು. ಅಂಕ, ಲಾಂಛನ, ಮುದ್ರೆ ಎಂಬ ಮೂರು ಶಬ್ದಗಳು ಸಂಸ್ಕೃತದಿಂದ ನಮ್ಮ ಭಾಷೆಗೆ ಬಂದು ಮನೆಮಾತಾಗಿವೆ. ಮುದ್ರೆಗೆ ಎಂತಹ ಶಕ್ತಿಯುಂಟೆಂಬುದನ್ನು ವಿಶಾಖದತ್ತನ ಮುದ್ರಾರಾಕ್ಷಸವನ್ನು ಓದಿದವರೆಲ್ಲರೂ ಬಲ್ಲರು. ಅಮಾತ್ಯ ರಾಕ್ಷಸನ ಉಂಗುರವು ಚಾಣಕ್ಯನ ಕೈಸೇರಿತು. ಆ ಉಂಗುರದಿಂದ ಮುದ್ರಿತವಾದ ಒಂದು ಪತ್ರವು ಸೈನ್ಯಗಳಿಂದಾಗದ ಕಾರ್ಯವನ್ನು ಮಾಡಿ ರಾಕ್ಷಸನ ಪಕ್ಷವನ್ನೇ ಒಡೆಯಿತು. ನಮ್ಮ ವಚನಕಾರರೂ ಹರಿದಾಸರೂ ಇದೇ ಮುದ್ರೆಯನ್ನು ಮಾತಿನಲ್ಲಿಯೇ ಒತ್ತಿದರು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರು, ಪುರಂದರವಿಠಲ ಎಂದೊಡನೆ ಪುರಂದರದಾಸರು ನಮ್ಮ ನೆನಪಿಗೆ ಬರುವರಷ್ಟೆ.

ಈಗ ಸಾಬೂನಿನ ಹೊದಿಕೆಯಿಂದ ಹಿಡಿದು ಬಸ್ಸಿನ ಪಕ್ಕದವರೆಗೆ ಎಲ್ಲೆಲ್ಲಿಯೂ ಕಾಣುವ ಕಂಪನಿಗಳ ಚಿಹ್ನೆಗಳನ್ನು ಪಾಶ್ಚಾತ್ಯರಿಂದ ನಾವು ಕಲಿತ ಹೊಸ ವಿದ್ಯೆಯೆಂದು ಅನೇಕರು ಭಾವಿಸುತ್ತಾರೆ. ಅವುಗಳ ಹಿಂದಿರುವ ಕಾಯಿದೆಯು ಪಾಶ್ಚಾತ್ಯವೆಂಬುದು ನಿಜ. ಇಂಗ್ಲೆಂಡಿನಲ್ಲಿ 1876ನೆಯ ಇಸವಿ ಜನವರಿ 1ರಂದು ಬಾಸ್ ಎಂಬ ಮದ್ಯದ ಕಂಪನಿಯ ಕೆಂಪು ತ್ರಿಕೋಣವು ಮೊದಲನೆಯ ವ್ಯಾಪಾರಮುದ್ರೆಯಾಗಿ ದಾಖಲಾಯಿತು. ಹಿಂದೂದೇಶಕ್ಕೆ ವ್ಯಾಪಾರಮುದ್ರೆಗಳ ಕಾಯಿದೆಯು ಬಂದುದು 1940ರಲ್ಲಿ. ಆದರೆ ಕಾಯಿದೆ ಬೇರೆ, ಆಚಾರ ಬೇರೆ. ಆಚಾರವು ನಮ್ಮಲ್ಲಿ ಬಹುಕಾಲದಿಂದ ಬೇರೂರಿದ್ದಿತು. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ದೇಶದೇಶಾಂತರಗಳಲ್ಲಿ ವ್ಯವಹರಿಸುತ್ತಿದ್ದ ಅಯ್ಯಾವೊಳೆಯ ಐನೂರ್ವರು ತಮ್ಮ ಶಾಸನಗಳ ಪ್ರಶಸ್ತಿಯಲ್ಲಿ ತಾವು ಗುಡ್ಡಧ್ವಜವುಳ್ಳವರೆಂದು ಹೇಳಿಕೊಂಡಿದ್ದಾರೆ. ವ್ಯಾಪಾರಸಂಘವೊಂದು ತನ್ನದೇ ಆದ ಧ್ವಜವನ್ನು ಹಿಡಿದು ಹೊರಡುವುದೆಂದರೆ, ಇಂದಿನ ಕಂಪನಿಯ ಚಿಹ್ನೆಗೂ ಅದಕ್ಕೂ ಅಂತರವೇನು?

ಅರಸುಮನೆತನಗಳ ಲಾಂಛನಗಳಿಗೆ ನಮ್ಮ ಸೀಮೆಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡಿನಿಂದ ಆಳಿದವರು ಸಿಂದರು. ಸಿಂದ ಮನೆತನಗಳು ತಮ್ಮನ್ನು ನಾಗವಂಶದವರೆಂದು ಹೇಳಿಕೊಂಡರೂ ಅವರ ಲಾಂಛನವಾಗಿದ್ದುದು ಹುಲಿ. ಮೂಲಪುರುಷನಾದ ನೀಳ್ದೋಳ ಸಿಂದನು ನಾಗರಾಜನ ಮಗನಾಗಿ ಹುಟ್ಟಿ ಹುಲಿಯ ಆರೈಕೆಯಲ್ಲಿ ಬೆಳೆದನೆಂಬ ಕಥೆಯು ಈ ಎರಡನ್ನೂ ಹೊಂದಿಸುತ್ತದೆ. ಮನೆತನದ ಚರಿತ್ರೆಯನ್ನೆಲ್ಲ ಒಂದು ಚಿತ್ರದಲ್ಲಿ ಅಡಗಿಸುವ ಈ ಜಾಣ್ಮೆಯೇ ಲಾಂಛನದ ಪ್ರಾಣವು.

ಲಾಂಛನವು ಕಾಲಕಾಲಕ್ಕೆ ಹೇಗೆ ಮಾರ್ಪಡುವುದೆಂಬುದಕ್ಕೆ ವರಾಹವು ಒಳ್ಳೆಯ ನಿದರ್ಶನ. ಚಾಲುಕ್ಯರ ತಾಮ್ರಪಟಗಳ ಮುದ್ರೆಯಲ್ಲಿ ವರಾಹವಿದ್ದಿತು. ಅನಂತರ ವಿಜಯನಗರದವರೂ ಅದನ್ನೇ ಸ್ವೀಕರಿಸಿದರು. ಅವರ ಹೊನ್ನಿನ ನಾಣ್ಯಕ್ಕೆ ವರಾಹವೆಂದೇ ಹೆಸರು. ಆದರೆ ಆ ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಹೆಚ್ಚಿನವುಗಳಲ್ಲಿ ವರಾಹವೇ ಇಲ್ಲ! ಮೊದಲನೆಯ ಅರಸರ ನಾಣ್ಯಗಳಲ್ಲಿ ಹನುಮಂತನೋ ಗರುಡನೋ ಇದ್ದರೆ, ಅಚ್ಯುತದೇವರಾಯನ (1529–1542) ನಾಣ್ಯದಲ್ಲಿ ಆನೆಗಳನ್ನು ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಹಿಡಿದಿರುವ ಗಂಡಭೇರುಂಡವಿದೆ. ಚಿತ್ರವು ಅಳಿದರೂ ಹೆಸರು ಉಳಿಯಿತು. ಏಕೆಂದರೆ ಜನರು ನಂಬಿದುದು ಚಿತ್ರವನ್ನಲ್ಲ, ಹೊನ್ನಿನ ತೂಕವನ್ನು.

ಗಂಡಭೇರುಂಡವು ವಿಜಯನಗರಕ್ಕಿಂತಲೂ ಹಳೆಯದು. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡಸ್ತಂಭವು ಈಗಲೂ ಇದೆ. ಮುಂದೆ ಮೈಸೂರಿನ ಒಡೆಯರು ಇದನ್ನು ತಮ್ಮ ರಾಜಲಾಂಛನವನ್ನಾಗಿ ಮಾಡಿಕೊಂಡರು. ಬಳ್ಳಾರಿಯು ಆಗ ಮದರಾಸಿನ ಆಧಿಪತ್ಯಕ್ಕೆ ಸೇರಿದ್ದುದರಿಂದ ನಮ್ಮ ಕಚೇರಿಗಳಿಗೆ ಈ ಪಕ್ಷಿಯು ಬಂದುದು ತಡವಾಗಿ, 1953ನೆಯ ಅಕ್ಟೋಬರ್ 1ರಂದು ನಾವು ಮೈಸೂರು ಸಂಸ್ಥಾನವನ್ನು ಸೇರಿದ ಬಳಿಕ. ಹಂಪೆಯ ನಾಣ್ಯದಲ್ಲಿ ಹಾರಿಹೋದ ಹಕ್ಕಿಯು ಮೈಸೂರನ್ನು ಸುತ್ತಿ ತನ್ನ ಸೀಮೆಗೇ ಮರಳಿತೆನ್ನಬಹುದು. ಇಂದು ಸರ್ಕಾರದ ಕಾಗದಪತ್ರಗಳ ಮೇಲೆಯೂ ಸಾರಿಗೆ ನಿಗಮದ ಚಿಹ್ನೆಯಲ್ಲಿಯೂ ಅದಿದೆ. ಸರ್ಕಾರದ ಲಾಂಛನದಲ್ಲಿ ಅದರ ಮೇಲೆ ಅಶೋಕನ ಸಿಂಹಗಳು ನಿಂತಿವೆ. ಆ ಅಶೋಕನ ಹೆಸರನ್ನೇ ಹೊತ್ತ ಅಪೂರ್ವ ಶಾಸನವೊಂದು ಸಿರುಗುಪ್ಪ ಸೀಮೆಯ ನಿಟ್ಟೂರಿನಲ್ಲಿ ದೊರೆತಿದೆಯೆಂಬುದು ನಮಗೆ ಅಭಿಮಾನದ ವಿಷಯ.

ಈ ಲಾಂಛನದಲ್ಲಿ ಗಂಡಭೇರುಂಡದ ಇಕ್ಕೆಲಗಳಲ್ಲಿ ಶರಭಗಳಿವೆ. ಶರಭವೆಂದರೆ ಎಂಟು ಕಾಲುಗಳುಳ್ಳ ಮೃಗವೆಂದು ಸಂಸ್ಕೃತ ಗ್ರಂಥಗಳು ಹೇಳುತ್ತವೆ. ಇಲ್ಲಿಯಾದರೋ ಸಿಂಹದ ಮೈಗೆ ಆನೆಯ ತಲೆಯಿದೆ. ಇದು ಶಿಲ್ಪಿಗಳು ದೇವಾಲಯಗಳಲ್ಲಿ ಕಡೆಯುತ್ತಿದ್ದ ಗಜಸಿಂಹದ ರೂಪ. ಇನ್ನೊಂದು ಸ್ವಾರಸ್ಯವುಂಟು. ನರಸಿಂಹನ ಕೋಪವನ್ನಡಗಿಸಲು ಶಿವನು ಶರಭನಾದನೆಂದು ಶೈವಪುರಾಣಗಳು ಹೇಳಿದರೆ, ಆ ಶರಭನನ್ನು ಇದಿರಿಸಲು ವಿಷ್ಣುವು ಗಂಡಭೇರುಂಡನಾದನೆಂದು ವೈಷ್ಣವರು ಹೇಳುವರು. ಕಥೆಯಲ್ಲಿ ಪರಸ್ಪರ ಹೋರಾಡಿದ ಇವರಿಬ್ಬರೂ ಲಾಂಛನದಲ್ಲಿ ಒಂದೇ ಗುರಾಣಿಯ ಕಾವಲುಗಾರರಾಗಿದ್ದಾರೆ. ರಾಜ್ಯವೆಂಬುದು ಹೇಗಿರಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಗ್ರಂಥವುಂಟೆ?

ಇದೇ ಶರಭವು ಅರಮನೆಯಿಂದ ಅಂಗಡಿಗೆ ಇಳಿಯಿತು. ಮೊದಲನೆಯ ಮಹಾಯುದ್ಧದಿಂದ ಗಂಧದ ಮರವನ್ನು ಯೂರೋಪಿಗೆ ಕಳುಹಿಸುವುದು ನಿಂತುಹೋಗಲು, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಗಂಧದೆಣ್ಣೆಯನ್ನು ನಮ್ಮಲ್ಲಿಯೇ ತೆಗೆಯಿಸಿದರು. ಇಂಗ್ಲೆಂಡಿನಲ್ಲಿ ಕಲಿತು ಬಂದ ಗರಳಪುರಿ ಶಾಸ್ತ್ರಿಗಳು ಅದರಿಂದ ಸಾಬೂನನ್ನು ಮಾಡಿದರು. ಆ ಮೈಸೂರು ಸ್ಯಾಂಡಲ್ ಸಾಬೂನಿನ ಮುದ್ರೆಯು ಶರಭವೇ. ಮಾರುವ ಸಂಸ್ಥೆಯು ಮಾರ್ಪಟ್ಟಿದೆ, ಹೊದಿಕೆಗಳು ಬದಲಾಗಿವೆ. ಶರಭವು ಮಾತ್ರ ಹಾಗೆಯೇ ಇದೆ. ಇದಕ್ಕೆ ವಿರುದ್ಧವಾದ ಗತಿಯೂ ಉಂಟು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ನಾಯಿಯ ಚಿತ್ರವನ್ನು ನಿಷ್ಠೆಯ ಗುರುತಾಗಿ ಇಟ್ಟುಕೊಂಡಿದ್ದಿತು. 2020ನೆಯ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಗಲು, ಆ ನಾಯಿಯೂ ಬಾಗಿಲು ಕಾಯುವ ಕೆಲಸದಿಂದ ನಿವೃತ್ತವಾಯಿತು.

ಓದಬಾರದವರಿಗೂ ಚಿತ್ರವು ತಿಳಿಯುವುದೆಂಬುದೇ ಮುದ್ರೆಯ ದೊಡ್ಡ ಪ್ರಯೋಜನ. ಅಮೆರಿಕೆಯ ಲೀವೈಸ್ ಕಂಪನಿಯವರು 1886ರಿಂದ ತಮ್ಮ ಜೀನ್ಸ್ ಷರಾಯಿಗಳ ಸೊಂಟದ ಚರ್ಮದ ಪಟ್ಟಿಯ ಮೇಲೆ, ಎರಡು ಕುದುರೆಗಳು ಷರಾಯಿಯೊಂದನ್ನು ಎರಡು ಕಡೆಗೆ ಎಳೆಯುತ್ತಿದ್ದರೂ ಅದು ಹರಿಯದಿರುವ ಚಿತ್ರವನ್ನು ಒತ್ತಿದರು. ಇಂಗ್ಲಿಷ್ ಬಾರದ ಕೂಲಿಕಾರನೂ ಎರಡು ಕುದುರೆಯದನ್ನು ಕೊಡೆಂದು ಕೇಳಿ ಪಡೆಯುತ್ತಿದ್ದನು. ಅದೇ ಜೀನ್ಸ್ ಬಟ್ಟೆಯನ್ನು ಹೊಲಿಯುವುದರಲ್ಲಿ ನಮ್ಮ ಬಳ್ಳಾರಿಯು ಇಂದು ಹೆಸರಾಗಿದೆ. ಸಿರುಗುಪ್ಪದ ಗಿರಣಿಗಳ ಅಕ್ಕಿಯನ್ನೂ ಗೃಹಿಣಿಯರು ಚೀಲದ ಮೇಲಣ ಚಿತ್ರವನ್ನು ನೋಡಿಯೇ ಗುರುತಿಸುವರು.

ಹೀಗಿರುವಲ್ಲಿ ನಮ್ಮವರಲ್ಲಿ ಒಂದು ವಿಜ್ಞಾಪನೆ. ಪರರ ಅಂಕವನ್ನು ಧರಿಸಿ ಹೊರಡುವ ವಸ್ತುವು ಪರರ ಕೀರ್ತಿಯನ್ನೇ ಬೆಳೆಸುತ್ತದೆ. ಕೈಕಸುಬು ನಮ್ಮದಾದ ಮೇಲೆ ಅಂಕವೂ ನಮ್ಮದಾಗಲಿ. ಸಿಂದರ ಹುಲಿಯಿದೆ, ಕುರುಗೋಡಿನ ದೊಡ್ಡಬಸವಣ್ಣನಿದ್ದಾನೆ, ತುಂಗಭದ್ರೆಯಿದ್ದಾಳೆ; ಚಿತ್ರಗಳಿಗೆ ಬಡತನವಿಲ್ಲ. ಆದರೆ ಚಿತ್ರವನ್ನು ಆರಿಸುವುದು ಒಂದು ದಿನದ ಕೆಲಸ, ಅದಕ್ಕೆ ಅರ್ಥವನ್ನು ತುಂಬುವುದು ತಲೆಮಾರುಗಳ ಕೆಲಸ. ವರಾಹನಿಲ್ಲದ ನಾಣ್ಯವು ವರಾಹವೆನಿಸಿಕೊಂಡುದು ಹೊನ್ನು ಸಾಚಾ ಆಗಿದ್ದುದರಿಂದ. ಹೊನ್ನು ಹುಸಿಯಾದರೆ ಸಾಕ್ಷಾತ್ ಆದಿವರಾಹನನ್ನೇ ಕೆತ್ತಿಸಿದರೂ ಅದನ್ನು ಕೊಳ್ಳುವವರಾರು?